ಮೌನಪ್ಪನ ಪಾಳಿ

ಹಿಂದಿನ ರಾಷ್ಟ್ರಪತಿಯೊಬ್ಬರು ಓಡಾಡುತ್ತಿದ್ದ ರೈಲನ್ನು ರಾಯಚೂರಿನಲ್ಲಿ ಪ್ರವಾಸಿಗರಿಗೆ ತೆರೆದಿಟ್ಟಿದ್ದಾರೆ. ನಾವು ನೋಡಲು ಹೋದ ದಿನ ಮಧ್ಯಾಹ್ನವೇ ಕತ್ತಲು ಕವಿದು ಮಳೆ ಹಿಡಿಯಿತು. ಹದಿನೈದು ಜನ ಒಂದೇ ಬೋಗಿಯಲ್ಲಿ ಸಿಕ್ಕಿಕೊಂಡೆವು. ಕೆಲವರು ಬೆಂಚುಗಳ ಮೇಲೆ ಕುಳಿತರು, ಉಳಿದವರು ನಿಂತೆವು. ಕಸ ಗುಡಿಸುವ ಮೂಕಮ್ಮಜ್ಜಿ ಹಸಿರು ಗಾದಿಯ ಕುರ್ಚಿಯ ಹಿಂದೆ ನಿಂತಿದ್ದಳು.

"ಇದರಾಗ ದೆವ್ವ ಅದ ಅಂತಾರಲ್ಲ, ಖರೇನಾ ಅಜ್ಜಿ?" ಮಾನ್ವಿಯಿಂದ ಬಂದಿದ್ದ ಶಿವಗಂಗಾ ಕೇಳಿದಳು.

"ದೆವ್ವ ಅನಬ್ಯಾಡ ಯವ್ವಾ, ಅಂವ ನಮ್ಮಪ್ಪ!" ಅಜ್ಜಿ ನಕ್ಕಳು.

"ನಮ್ಮಪ್ಪ ಮೌನಪ್ಪಗ ಈ ಬೋಗಿಯಾಗ ನೌಕರಿ. ಏನು ಕೆಲಸ ಅಂತೀರಿ? ದೊಡ್ಡೋರ ಈ ಕುರ್ಚಿ ಹಿಂದ ನಿಂದ್ರೋದು! ನೀರು ಅಂದ್ರ ನೀರು, ಚಾ ಅಂದ್ರ ಚಾ. ಇನ್ನೊಬ್ಬ ಪಾಳಿಯವ ಬಂದು 'ನಾ ನಿಂತೀನಿ' ಅನ್ನೋತನಕ ಕುಂದ್ರಂಗಿಲ್ಲ. ಈ ಕಾಲಿಂದ ಆ ಕಾಲಿಗಿ ಭಾರ ಹಾಕ್ಕೋತ ದಿಲ್ಲಿತನಕ ನಿಂತೇ ಹೋಗಾಂವ. ಮನ್ಯಾಗೂ ಅದೇ ಚಾಳಿ, ನಿಂತೇ ರೊಟ್ಟಿ ತಿಂತಿದ್ದ, ನಮ್ಮವ್ವ ಬೈತಿದ್ದಳು. ಕಡೀ ಸಲ ಪಾಳಿಯವ ಬರಲೇ ಇಲ್ಲ ನೋಡ್ರಿ... ನಮ್ಮಪ್ಪ ನಿಂತಲ್ಲೇ ಬಿದ್ದು ಜೀವ ಬಿಟ್ಟ.

ರೈಲು ಇಲ್ಲಿ ತಂದು ನಿಂದ್ರಿಸಿದ ಮ್ಯಾಲ, ಈ ಕುರ್ಚಿ ಹಿಂದ ನೆಲದ ಹಲಿಗಿ ಕಿರ್... ಕಿರ್... ಕಾವಲಿದ್ದ ಬೀರೇಶ ಚಪ್ಪಲಿ ಬಿಟ್ಟು ಗುಂಜಹಳ್ಳಿತನಕ ಓಡಿದ! ನನಗೆಲ್ಲಿ ಹೆದರಿಕಿ? ಈ ಕಾಲು, ಆ ಕಾಲು... ಹೆತ್ತಪ್ಪನ ಸಪ್ಪಳ ಗುರ್ತು ಸಿಗಂಗಿಲ್ಲೇನು? ಸತ್ತ ಮ್ಯಾಲೂ ನಿಂತಾನಲ್ಲೋ ಶಿವನೇ!

'ಯಪ್ಪಾ, ದೊಡ್ಡೋರು ಇಳಿದು ಹೋಗ್ಯಾರ, ಕುಂದ್ರು' ಅಂತ ದಿನಾ ಅಂದೆ. ಕೇಳ್ತಾನೇನು, ಮೊಂಡ! ಕಡೀಗೆ ಸಿಟ್ಟು ಬಂತು. ಯಾರೂ ಕುಂದ್ರಬಾರದಂತ ಕುರ್ಚಿಗಿ ಕಟ್ಟಿದ್ದ ಹಗ್ಗ ಬಿಚ್ಚಿ ಒಗದೆ. ಸೆರಗಲೇ ಗಾದಿ ಒರಸಿ, ತಂಬಿಗಿ ನೀರು ಹಿಡಕೊಂಡು ಅದರ ಹಿಂದ ನಾನೇ ನಿಂತು, 'ಮೌನಪ್ಪನವರ, ನಿಮ್ಮ ಪಾಳಿ ಮುಗೀತು. ಈಗ ನಾ ನಿಂತೀನಿ' ಅಂದೆ.

ಎಲ್ಲಾ ಗಪ್ಪಾತು. ಆಮ್ಯಾಲ ಈ ಗಾದಿ... ಮೆಲ್ಲಕ ಕೆಳಗ ಇಳೀತು. ಅತ್ತುಬಿಟ್ಟೆ ಯವ್ವಾ, ಅಳಕೋತ ನಕ್ಕೆ. ಅವತ್ತಿಂದ ಹಲಿಗಿ ಕಿರ್ ಅಂದಿಲ್ಲ. ನಮ್ಮಪ್ಪ ಆರಾಮ ಅದಾನ, ನಾನೂ ಆರಾಮ ಅದೀನಿ."

ಮಳೆ ಸಣ್ಣಗಾಗಿತ್ತು. "ಕತಿ ಚಂದ ಕಟ್ಟೀರಿ ಅಜ್ಜಿ" ಎಂದು ಶಿವಗಂಗಾ ನೋಯುತ್ತಿದ್ದ ಕಾಲು ತಿಕ್ಕಿಕೊಂಡಳು.

"ಕತಿನೇ ಅನ್ನು" ಎಂದಳು ಅಜ್ಜಿ. "ತಾಸಾತು, ಕಾಲು ನೋಯಿಸ್ಕೋತ ನಿಂತೀರಿ. ಈ ಕುರ್ಚಿಗಿ ಹಗ್ಗ ಇಲ್ಲ, ಕುಂದ್ರಬ್ಯಾಡ್ರಿ ಅಂತ ನಾ ಅಂದಿಲ್ಲ... ಮತ್ತ ಇದರ ಮ್ಯಾಲ ನಿಮ್ಮಾಗ ಒಬ್ಬರೂ ಯಾಕ ಕುಂತಿಲ್ಲ, ಹೇಳ್ರಿ?"