ಅವ್ವನ ಸೀರಿಗೆ ಹಾಕಿದ ಗಂಟು

...ಅಳೂದೇನ, ನಗೂದೇನ, ಎರಡೂ ಕೂಡೇ ಬಂದಿತ್ತು ನೋಡ್ರೋ ನಮಗ ಅವತ್ತ. ತೊಂಬತ್ನಾಲ್ಕೋ ತೊಂಬತ್ತೈದೋ ಇಸ್ವಿ, ಮುಂಬೈ ಬಾಜೂ ದಿವಾ ಊರಾಗ ಚಾಳಿನ ಖೋಲಿ. ಅವ್ವ ಡೊಂಬಿವಲ್ಯಾಗ ಬಿಲ್ಡಿಂಗ್ ಕೆಲಸಕ್ಕ ಹೋದಾಕಿ ಮ್ಯಾಲಿಂದ ಬಿದ್ದು ಕಾಲು ಮುರಕೊಂಡು ದವಾಖಾನ್ಯಾಗ. ಅಪ್ಪ ಹಗಲೆಲ್ಲಾ ಕಲ್ಯಾಣ ಮಾರ್ಕೆಟ್ಟಿನ್ಯಾಗ ಹಮಾಲಿ, ಸಂಜೀಕೆ ಅವ್ವನ ಹಂತ್ಯಾಕ. ಖೋಲ್ಯಾಗ ನಾವ ಮೂರ ಮಂದಿ. ನಾನು ಹನ್ನೆರಡು, ತಂಗಿ ಶಾಂತಿ ಒಂಬತ್ತು, ನಿಮ್ಮಪ್ಪ ಬಸ್ಯಾ ಆರು. ಅಲ್ಲ ಅಲ್ಲ, ಐದು, ಹಾಲುಹಲ್ಲು ಇನ್ನಾ ಬಿದ್ದಿರಲಿಲ್ಲ. ಅಂಜಿಕಿ ಬಂದ್ರ ಮೂರೂ ಮಂದಿ ಒಂದ ಚಾದರದಾಗ ಹೊಕ್ಕು ಕಿಸಿಕಿಸಿ ನಗತಿದ್ವಿ. ಅವರಿಬ್ಬರೂ ಮಗ್ಗಲದಾಗ ಇದ್ರ ನನಗ ಯಾರ ಹೆದರಿಕಿನೂ ಇರಲಿಲ್ಲ, ಖರೇನ ಹೇಳ್ತೀನಿ.

ಅಷ್ಟ್ರಾಗ ವಿಜಾಪುರದಿಂದ ಸೋದರಮಾವ ಬಂದ. ಭಾಳ ಚಲೋ ಮನಷ್ಯಾ, ಆದ್ರ ಬಂದ ಕೂಡ್ಲೇ ಅಪ್ಪಗ ಅಂತಾನ, “ಬಸ್ಯಾನ ನಾ ಒಯ್ತೀನಿ. ಶಾಂತಿನ ಸೊಲ್ಲಾಪುರದಾಗ ಚಿಗವ್ವನ ಕಡೆ ಬಿಡ್ತೀನಿ. ದೊಡ್ಡಾಕಿ ಇಲ್ಲಿದ್ದು ನಿಮಗ ರೊಟ್ಟಿ ಮಾಡ್ಲಿ.” ಅಪ್ಪ ತೆಲಿ ಕೆಳಗ ಹಾಕಿ ಹೂಂ ಅಂದ. ಹೂಂ ಅಂದುಬಿಟ್ಟ! ನನ್ನ ಎದಿ ಒಡದಂಗಾತು. ಏನಂದಿ? “ಫಿರ್ ಕ್ಯಾ ಹುಆ”? ‘ಮುಂದೇನಾತು’ ಅಂತ ಕನ್ನಡದಾಗ ಕೇಳೋ, ಹೇಳ್ತೀನಿ.

ಮರುದಿನ ಮುಂಜಾನೆ ಅಪ್ಪ ನಳಕ್ಕ ಹೋಗಿದ್ದ, ಮಾವ ಚಹಾಕ್ಕ. ನಾ ಟ್ರಂಕಿನ್ಯಾಗಿಂದ ಅವ್ವನ ಇಳಕಲ್ ಸೀರಿ ತಗದು ಮೂರೂ ಮಂದಿ ನಡಾ ಸುತ್ತಿ ಸುತ್ತಿ ಬಿಗದು ಗಂಟು ಹಾಕಿದೆ. ಮಾವ ಬಂದು ನೋಡ್ತಾನ! “ಏ, ಏನ ಇದು, ಬಿಚ್ಚ!” ಎಳದ, ಹಲ್ಲಿಲೆ ಕಚ್ಚಿದ, ಗಂಟು ಹಂದಲಿಲ್ಲ. ಬಾಜೂ ಖೋಲಿ ಆಯಿಗೆ, “ಕತ್ತರಿ ಕೊಡಬೇ” ಅಂದ. ಆಕಿ ಹೌಹಾರಿದ್ಲು, “ಅಯ್ಯ! ಮುತ್ತೈದಿ ದವಾಖಾನ್ಯಾಗ ಮಲಗ್ಯಾಳ, ಆಕಿ ಸೀರಿಗೆ ಕತ್ತರಿ ಹಾಕ್ತಿಯೇನೋ ಹುಚ್ಚಪ್ಪಾ?” ಮಾವ ಚಾಚಿದ ಕೈ ಹಿಂದಕ್ಕ ತಗೊಂಡ. ಅಷ್ಟ್ರಾಗ ಬಸ್ಯಾ, “ಅಕ್ಕಾ, ಒಂದಕ್ಕ ಬಂತು!” ಹೊಂಟ್ವಿ ಮೂರೂ ಮಂದಿ ಕೂಡೇ ಸಂಡಾಸದ ಪಾಳಿಗೆ. ಒಬ್ಬರ ಕಾಲಾಗ ಒಬ್ಬರು ತೊಡರಿ ಧಪ್! ಪಾಳ್ಯಾಗ ನಿಂತೋರೆಲ್ಲಾ ನಕ್ಕಿದ್ದ ನಕ್ಕಿದ್ದು. ಬಿದ್ದಲ್ಲೇ ನಾವೂ ಹೊಟ್ಟಿ ಹಿಡಕೊಂಡು ನಕ್ವಿ. ಶಾಂತಿ ಅಂತೂ, “ನಗಸಬ್ಯಾಡಬೇ ಅಕ್ಕಾ, ನನಗೂ ಬಂತು” ಅಂತಾಳ!

ತಿರುಗಿ ಬರೂದ್ರಾಗ ಅಪ್ಪ ಬಂದಿದ್ದ. ಮಾವ, “ಭಾವಾ, ನೀವರ ಬಿಚ್ಚ್ರಿ, ಗಾಡಿ ತಪ್ಪತೈತಿ!” ಅಪ್ಪ ಕುಂತ, ಗಂಟು ಹಿಡದು ತಿರುವಿ ತಿರುವಿ ನೋಡಿದ. ನಾ ಉಸರ ಹಿಡದೆ. ಯಾಕಂದ್ರ ಅದು ಹಮಾಲರು ಚೀಲಕ್ಕ ಹಾಕೂ ಗಂಟು, ಅಪ್ಪನೇ ಕಲಿಸಿದ್ದು ನನಗ. ದಿನಾ ಅಂಥಾವು ನೂರು ಬಿಚ್ಚಾಂವ ಅಂವ. ನನ್ನ ಮಾರಿ ನೋಡಿದ. ಆಮ್ಯಾಲ ಮಾವಗ ಅಂದ, “ಇದು ನನ್ನ ಕೈಲೆ ಬಿಚ್ಚೂ ಗಂಟಲ್ಲೋ. ನೀ ಹೋಗಪಾ. ಮೂರೂ ಇಲ್ಲೇ ಇರ್ಲಿ.”

ಮಾವ ಓಣಿ ದಾಟಿದ ಮ್ಯಾಲ ಅಪ್ಪ ಒಂದ ಬೆರಳಿಲೆ ಫಟ್ ಅಂತ ಬಿಚ್ಚಿದ! ಒಡಹುಟ್ಟಿದವರು ಕೂಡಿದ್ರ ಎಂಥಾ ದಿನಾನೂ ದಾಟತಾವ್ರೋ. ಸಾಕು, ಏಳ್ರಿ, ತಾಟು ಹಾಕ್ರಿ.