ಕೆಂಪು ಪಾಚಿಯ ಪುಡಿ

ಆಸ್ಪತ್ರೆಯ ಲ್ಯಾಬಿನ ಕಿಟಕಿಯ ಸಾಲಿನಲ್ಲಿ ನನ್ನ ಮುಂದೆ ನಿಂತವಳು ಕಡಲಪಾಚಿ ಕೀಳುವ ಹೆಂಗಸು. ಒಳಗಿದ್ದಾಕೆ ಲ್ಯಾಬಿನವಳು.

“ನಮ್ಮ ಯಜಮಾನ್ರ ರಿಪೋರ್ಟ್ ಬಂತಾ ಅಕ್ಕಾ? ಜ್ವರ ಇಳೀತಾನೇ ಇಲ್ಲ.”

“ಇಲ್ಲಮ್ಮಾ. ಯಾವ ರೋಗಾಣು ಅಂತ ತಿಳೀಬೇಕಾದ್ರೆ ಅದನ್ನ ಜೆಲ್ಲಿ ಮೇಲೆ ಬೆಳೆಸ್ಬೇಕು. ಜೆಲ್ಲಿ ಮಾಡೋ ಪುಡಿ ಮುಗಿದಿದೆ.”

“ಯಾವ ಪುಡಿ?”

“ಕೆಂಪು ಪಾಚಿದು.”

“ಅಯ್ಯೋ, ಅದನ್ನ ಕೀಳೋರೇ ನಾವು!”

“ಮತ್ಯಾಕೆ ಬರ್ತಿಲ್ಲ?”

“ಕಡಲ ನೀರು ಬಿಸಿಯೇರಿ ಬಂಡೆ ಮೇಲಿನ ಕೆಂಪೆಲ್ಲ ಸತ್ತೋಯ್ತು. ಈಗ ಬರೀ ಹಸಿರು. ಅದಾಗಲ್ವಾ? ಎರಡು ಚೀಲ ತಂದ್ಕೊಡ್ತೀನಿ.”

“ಹಸಿರು ಹೆಪ್ಪುಗಟ್ಟಲ್ಲಮ್ಮಾ.”

“ಅವ್ರಿಗೆ ಏನಂತ ಹೇಳ್ಲಿ?”

“ರಕ್ತಾನ ದೊಡ್ಡಾಸ್ಪತ್ರೆಗೆ ಕಳ್ಸಿದಾರೆ ಅನ್ನು.”

“ಕಳ್ಸಿದೀರಾ?”

“ಅಲ್ಲೂ ಪುಡಿ ಇಲ್ವಂತೆ.”

ಹೆಂಗಸು ಕಿಟಕಿಯ ಸರಳು ಬಿಟ್ಟು, ಹೇಳಿಕೊಟ್ಟ ಮಾತನ್ನೇ ಗಂಡನಿಗೆ ಹೇಳಲು ವಾರ್ಡಿನ ಕಡೆ ನಡೆದಳು.