ಬಲೆಯ ಆ ತುದಿ

…ಇಲ್ಲ ಇಲ್ಲ, ಚಹಾ ಗಿಹಾ ಏನೂ ಬೇಡ. ಹೋಗ್ಲಿ, ಅಷ್ಟು ಬಲವಂತ ಮಾಡ್ತಿದ್ದೀಯ ಅಂದ್ರೆ ಒಂದರ್ಧ ಲೋಟ ಕೊಡು. ಏನು? ಬಲವಂತ ಮಾಡ್ಲೇ ಇಲ್ವಾ? ಸರಿ ಬಿಡು ತಾಯಿ, ನಾನೇ ಬಗ್ಗಿಸ್ಕೋತೀನಿ. ಕೆಟಲ್ ಎಲ್ಲಿದೆ, ಸಕ್ಕರೆ ಎಲ್ಲಿದೆ ಅಂತ ಈ ಒಬೆಡ್‌ಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನೀನು ಜೆತ್ರೊನ ಕಟ್ಕೊಂಡು ಈ ಮನೆಗೆ ಕಾಲಿಡೋ ಮುಂಚೆ, ಒಲೆ ಪಕ್ಕದ ಈ ಕುರ್ಚಿ ನಂದು ಕಣಮ್ಮ. ಈಗ ಅದರ ಮೇಲೆ ನಿನ್ನ ಹೊಲಿಗೆ ಬುಟ್ಟಿ ಕೂತಿದೆ. ಇರ್ಲಿ, ಎತ್ತಬೇಡ. ನಿಂತೇ ಕುಡೀತೀನಿ.

ಹ್ಞೂಂ, ನೋಡ್ಕೊಂಡೇ ಬಂದೆ. ಠಾಣೆಯಿಂದ ಸೀದಾ ಇಲ್ಲಿಗೇ. ನಿನ್ನ ಗಂಡ ಚೆನ್ನಾಗೇ ಇದ್ದಾನೆ. ಹಣೆ ಮೇಲೆ ಒಂದು ಗಾಯ ಆಗಿದೆ, ಅಷ್ಟೇ. ಧಣಿಗಳ ಕಾವಲುಗಾರ ಆ ಹಸ್ಕಿನ್ಸ್ ದೊಣ್ಣೆ ಹಿಡ್ಕೊಂಡು ಬರದೆ ಹೂವಿನ ಹಾರ ಹಿಡ್ಕೊಂಡು ಬರ್ತಾನಾ? ಸೋಮವಾರ ನ್ಯಾಯಾಧೀಶರ ಮುಂದೆ ನಿಲ್ಲಿಸ್ತಾರಂತೆ. ಧಣಿಗಳ ಜಮೀನಲ್ಲಿ ಕದ್ದು ಮೊಲ ಹಿಡಿದು ಸಿಕ್ಕಿಬಿದ್ದಿರೋದು ಇದು ಮೂರನೇ ಸಲ ನೋಡು, ದಂಡ ಕಟ್ಟಿಸ್ಕೊಂಡು ಬಿಡಲ್ಲ ಈ ಸಲ. ಜೈಲೇ ಗತಿ… ಅಯ್ಯೋ, ಅಳಬೇಡ್ವೇ! ಹೆಂಗಸರು ಅತ್ರೆ ನಂಗೆ ಕೈಕಾಲು ಆಡಲ್ಲ. ಅಳ್ತಿಲ್ವಾ? ಈರುಳ್ಳಿನಾ? ಸರಿ, ಹೆಚ್ಚು, ಹೆಚ್ಚು.

ಕೇಳ್ದ ಮಾರಾಯ್ತಿ, ನಿನ್ನ ಬಗ್ಗೆ ಕೇಳ್ದೇ ಇರ್ತಾನಾ! ಕಂಬಿ ಹಿಡ್ಕೊಂಡು ನಿಂತು ಒಂದೇ ಒಂದು ಮಾತು ಕೇಳ್ದ. “ಒಬೆಡ್, ಅವಳು ಯಾಕೆ ಹಗ್ಗ ಎಳೀಲಿಲ್ಲ?” ಅಂತ… ನನ್ನನ್ನ ಯಾಕೆ ಹಾಗೆ ದುರುಗುಟ್ಕೊಂಡು ನೋಡ್ತೀಯ? ಅವನು ಕೇಳಿದ್ದನ್ನ ಹೇಳ್ದೆ. ನಾನೇನು ಹುಟ್ಟಿಸ್ಕೊಂಡು ಹೇಳ್ತಿದ್ದೀನಾ?

ಎಳೆದ್ಯಾ. ಸರಿ. ಎಳೆದೆ ಅಂತೀಯ. ಕಾವಲಿನವರು ನಿನ್ನ ತುದಿ ಕಡೆಯಿಂದ್ಲೇ ಬಂದ್ರು, ಬೂಟಿನ ಸದ್ದು ಕೇಳಿಸ್ತು, ಪಟಪಟ ಎರಡು ಸಲ ಜಗ್ಗಿ ಮುಳ್ಳುಬೇಲಿ ನುಗ್ಗಿ ಓಡ್ದೆ… ಒಪ್ಕೊಳ್ಳೋಣ. ಹಾಗಾದ್ರೆ ಆ ತುದೀಲಿದ್ದ ಜೆತ್ರೊಗೆ ಯಾಕೆ ಗೊತ್ತಾಗ್ಲಿಲ್ಲ? ಅವನ ಕೈಯೇನು ಮರದ್ದಾ? ಇಪ್ಪತ್ತು ವರ್ಷ, ಡಾರ್ಕಸ್, ಇಪ್ಪತ್ತು ವರ್ಷ ಆ ಹಗ್ಗದ ಒಂದು ತುದೀಲಿ ಅವನು, ಇನ್ನೊಂದು ತುದೀಲಿ ನಾನು. ನಡುವೆ ಉದ್ದಕ್ಕೂ ಬಲೆ, ಕತ್ತಲು. ನಾಯಿ ಹೊಲದಲ್ಲಿ ಮೇಯ್ತಿರೋ ಮೊಲಗಳನ್ನ ಎಬ್ಬಿಸಿತು ಅಂದ್ರೆ ಅವು ಬಿಲಕ್ಕೆ ಓಡಿ ಬಂದು ದಬ್ ದಬ್ ಅಂತ ಬಲೆಗೆ ಬೀಳೋವು. ಒಂದು ಮಾತಿಲ್ಲ, ಒಂದು ಬೀಡಿ ಬೆಳಕಿಲ್ಲ. ನಿಧಾನವಾಗಿ ಒಂದು ಸಲ ಎಳೆದ್ರೆ ‘ಸಾಕು, ಸುತ್ತೋಣ’. ಪಟಪಟ ಎರಡು ಸಲ ಅಂದ್ರೆ ‘ಎಲ್ಲಾ ಬಿಟ್ಟು ಓಡು’. ನಾನು ಎಳೆದು ಅವನಿಗೆ ಗೊತ್ತಾಗ್ದೇ ಇದ್ದ ದಿನ ಒಂದೂ ಇಲ್ಲ. ಅವನು ಎಳೆದು ನಂಗೆ ಗೊತ್ತಾಗ್ದೇ ಇದ್ದ ದಿನಾನೂ ಇಲ್ಲ. ಹೊರಗೆ ಮಾತು ಕಮ್ಮಿ ಅವನದ್ದು, ನಿಂಗೂ ಗೊತ್ತಿರ್ಬೇಕಲ್ಲ. ನನ್ನ ಜೊತೆ ಹಗ್ಗದಲ್ಲೇ ಮಾತಾಡ್ತಿದ್ದ.

ನಗು, ನಗು. ನಗೋದೇನಿದೆ ಇದರಲ್ಲಿ? ಹೆಂಡದಂಗಡೀಲೂ ನಗ್ತಾರೆ. “ಏನಪ್ಪಾ ಒಬೆಡ್, ನಿನ್ನ ಸವತಿ ಹೇಗಿದ್ದಾಳೆ?” ಅಂತಾರೆ ನನ್ಮಕ್ಳು. ಎಲ್ಲರ ಮುಂದೆ! ನಾನೂ ನಕ್ಕುಬಿಡ್ತೀನಿ, ಏನು ಮಾಡ್ಲಿ? ಮನೆಗೆ ಬಂದು ಒದ್ದಾಡ್ತೀನಿ.

ಹೊಟ್ಟೆಕಿಚ್ಚಾ? ಹೌದು, ಹೊಟ್ಟೆಕಿಚ್ಚೇ. ಅಂದುಬಿಡು. ಮುಚ್ಚಿಟ್ಕೊಂಡು ಏನಾಗ್ಬೇಕು ನಂಗೆ? ಅವನು ಮದುವೆಯಾದಾಗ ಚರ್ಚಿನಲ್ಲಿ ಪಕ್ಕದಲ್ಲಿ ನಿಂತವನು ನಾನು. ಅವನ ಕೈಗೆ ಉಂಗುರ ಎತ್ತಿಕೊಟ್ಟವನು ನಾನು. ನನಗೇನೂ ಅನ್ನಿಸ್ಲಿಲ್ಲ ಅವತ್ತು. ಹೆಂಡ್ತಿ ಬಂದ್ಲು, ಒಳ್ಳೇದಾಯ್ತು, ಬಿಸಿ ಊಟ ಸಿಗ್ತದೆ ಇವನಿಗೆ ಅಂದ್ಕೊಂಡೆ. ನಿನ್ನ ಮೊಲದ ಕಡುಬು ಚೆನ್ನಾಗೇ ಇರ್ತದೆ, ಇಲ್ಲ ಅನ್ನಲ್ಲ. ಆಮೇಲೊಂದು ದಿನ ಬಂದು ಟೋಪಿ ತಿರುಗಿಸ್ತಾ ನಿಂತ. “ಒಬೆಡ್, ನಿನ್ನ ಕೆಮ್ಮು ಜಾಸ್ತಿ ಆಯ್ತು. ಮೊಲಗಳು ಹೆದರ್ತವೆ. ಡಾರ್ಕಸ್ ಕಿವಿ ಚುರುಕು, ಅವಳನ್ನ ಕರ್ಕೊಂಡು ಹೋಗ್ತೀನಿ” ಅಂದ. ಇಷ್ಟೇ! ಇಪ್ಪತ್ತು ವರ್ಷಕ್ಕೆ ಇಷ್ಟೇ!

ಬಲೆ ಹೆಣೆದವನು ಯಾರು? ನಾನು. ಚಳಿಗಾಲ ಪೂರ್ತಿ ಒಲೆ ಮುಂದೆ ಕೂತು, ಕಣ್ಣು ಬೇನೆ ಬರಿಸ್ಕೊಂಡು, ಒಂದೊಂದೇ ಗಂಟು ಹಾಕಿ. ಮನೇಲಿ ಹೆಂಡ್ತಿಯಾಗು, ಬೇಡ ಅಂದವರ್ಯಾರು? ಬಲೆಯ ಆ ತುದಿ ಮಾತ್ರ ನಂದು ಕಣೇ. ಅದನ್ನೂ ತಗೊಂಡ್ಬಿಟ್ಯಲ್ಲ.

ಆಯ್ತು, ಬಂದ ವಿಷಯ ಹೇಳ್ತೀನಿ, ಸಿಡುಕಬೇಡ. ಅವನು ಜೈಲಿಂದ ಬಂದ್ಮೇಲೆ ನೀನೇ ಹೇಳ್ಬೇಕು. ನನ್ನ ಬಾಯಿಂದ ಬಂದ್ರೆ ಚೆನ್ನಾಗಿರಲ್ಲ. “ಇದು ನನ್ನ ಕೈಲಾಗೋ ಕೆಲಸ ಅಲ್ಲ ರೀ, ಗಾಬರೀಲಿ ಎಳೆಯೋದು ಮರೆತುಹೋಯ್ತು, ಇನ್ಮೇಲೆ ಒಬೆಡ್‌ನ ಕರ್ಕೊಂಡು ಹೋಗಿ.” ಇಷ್ಟು ಸಾಕು. ತಪ್ಪು ಒಪ್ಕೊಂಡ್ರೆ ಅವನೇನು ಹೊಡೀತಾನಾ? ಮೊದ್ಲು ಸ್ವಲ್ಪ ದಿನ ಮುಖ ಊದಿಸ್ಕೊಂಡಿರ್ತಾನೆ. ಆಮೇಲೆ ಸರಿಹೋಗ್ತಾನೆ. ಅವನು ಇಲ್ಲದಿದ್ದಷ್ಟು ದಿನ ನಿಂಗೆ ಸೌದೆ, ಆಲೂಗಡ್ಡೆ ಎಲ್ಲಾ ನಾನು ನೋಡ್ಕೋತೀನಿ. ಮಾತು ಕೊಡ್ತೀನಿ.

ಯಾಕೆ ಹೇಳಲ್ಲ?

ಮತ್ತೆ ಅದನ್ನೇ ಹೇಳ್ತಾಳಲ್ಲಪ್ಪ! ಎಳೆದೆ, ಎಳೆದೆ, ಎಳೆದೆ! ಎಷ್ಟು ಸಲ ಹೇಳ್ತೀಯೇ? ಚಾಕು ಕೆಳಗಿಟ್ಟು ಮಾತಾಡು. ಎಳೆದೆಯಂತೆ! ಅದನ್ನ ಎಳೆಯೋದು ಅಂತಾರಾ? ಹಸುವಿನ ಕೆಚ್ಚಲು ಜಗ್ಗಿದ ಹಾಗೆ, ಮೊದಲನೇದು ಮೆತ್ತಗೆ, ಎರಡನೇದು ಅದರ ಬೆನ್ನಿಗೇ ಬಂತು. ನಡುವೆ ಬಿಡುವೇ ಇಲ್ಲ! ಯಾರಿಗೆ ತಿಳೀತದೆ ಅದು? ನಾನೇ ಮೊಲ ಬಿತ್ತು ಅಂದ್ಕೊಂಡೆ, ಇನ್ನು ಅವನು…

…

ಏನು?

ಏನಂದೆ ನಾನು? ಹ್ಞಾಂ… ಯಾರಾದ್ರೂ ಮೊಲ ಅಂದ್ಕೋತಿದ್ರು ಅಂತ. ಅಂದಾಜಿಗೆ ಹೇಳ್ದೆ. ಹೆಂಗಸರ ಎಳೆತ ಹಾಗೇ ಇರ್ತದಲ್ವಾ, ಅದಕ್ಕೆ. ನಾನೆಲ್ಲಿದ್ದೆ ಅಲ್ಲಿ? ಹಾಸಿಗೇಲಿ ಬಿದ್ಕೊಂಡಿದ್ದೆ. ಬೇಕಾದ್ರೆ ಕೇಳು… ಯಾರನ್ನ ಕೇಳ್ತೀಯ, ಒಬ್ಬನೇ ಇರೋನು ನಾನು.

ಡಾರ್ಕಸ್.

ಬೈಯಬೇಕಾ, ಬೈ. ಹಾಗೆ ನಿಂತ್ಕೊಂಡು ನನ್ನ ಕೈನೇ ನೋಡ್ಬೇಡ. ನೋಡ್ಬೇಡ ಅಂದ್ನಲ್ಲ!

…ಸುಮ್ಮನೆ ಹೋಗಿದ್ದೆ. ಸುಮ್ಮನೆ ಅಂದ್ರೆ ಸುಮ್ಮನೆ. ಗಾಳಿ ಚೆನ್ನಾಗಿತ್ತು, ಚಂದ್ರ ಇರ್ಲಿಲ್ಲ, ನಕ್ಷತ್ರದ ಬೆಳಕಷ್ಟೇ, ಮನೇಲಿ ಕೂರೋಕೆ ಆಗ್ಲಿಲ್ಲ. ಮರದ ಹಿಂದೆ ನಿಂತು ನೋಡ್ದೆ ನಿಮ್ಮಿಬ್ಬರನ್ನ. ಅವನು ಬಲೆ ಬಿಚ್ಚಿಕೊಂಡು ಹೋದ, ನೀನು ಹಿಂದೆ ಗೂಟ ನೆಟ್ಕೊಂಡು ಹೋದೆ. ನೆಟ್ಟಗೇ ನೆಟ್ಟೆ, ಒಂದೂ ವಾಲಲಿಲ್ಲ. ಅದನ್ನ ನೋಡಿ ಹೊಟ್ಟೆ ಉರೀತು ನಂಗೆ. ಒಂದಾದ್ರೂ ವಾಲಬಾರದಿತ್ತಾ? ನೀವಿಬ್ರೂ ತುದಿಗಳಿಗೆ ಹೋದ್ಮೇಲೆ ಮೆಲ್ಲಗೆ ನಡುವೆ ಬಂದೆ. ಒಂದೇ ಒಂದು ಸಲ ಕೈ ಇಟ್ಟು ನೋಡೋಣ ಅಂತ. ನಾನು ಹೆಣೆದ ಬಲೆ ತಾನೇ? ಮಫ್ಲರ್ ಬಾಯಿಗೆ ತುರುಕ್ಕೊಂಡಿದ್ದೆ. ಒಂದು ಸಲಾನೂ ಕೆಮ್ಮಲಿಲ್ಲ ಕಣೇ, ದೇವರಾಣೆ, ಒಂದು ಸಲಾನೂ!

ಮೊಲ ಬಿದ್ದಾಗ ಹಗ್ಗ ಬಿಗಿಯಾಗಿ ಹಿಡಿಯೋದು ಅಭ್ಯಾಸ ನೋಡು, ನಿನ್ನ ಎಳೆತಾನೂ ಮೊಲ ಅಂತಲೇ ಅಂದ್ಕೊಂಡೆ. ಹಿಡ್ಕೊಂಡೆ. ಎರಡು ಕೈಯಲ್ಲೂ. ಖುಷಿ ಆಯ್ತು ನಂಗೆ, ಎಷ್ಟು ದಿನ ಆಗಿತ್ತು… ಅಷ್ಟರಲ್ಲಿ ಆ ತುದೀಲಿ ಅವನು ಕೂಗಿದ್ದು ಕೇಳಿಸ್ತು.

ಕೋಟು ಯಾಕೆ ಹಾಕ್ಕೋತಿದ್ದೀಯ? ಎಲ್ಲಿಗೆ? ಠಾಣೆಗಾ? ಈಗ ಒಳಗೆ ಬಿಡಲ್ಲ ಅವರು… ಡಾರ್ಕಸ್, ಕೈ ಮುಗೀತೀನಿ, ಅವನಿಗೆ ಹೇಳ್ಬೇಡ. ಬೇರೆ ಯಾರಿಗೆ ಬೇಕಾದ್ರೂ ಹೇಳು, ಚರ್ಚಿನ ಬಾಗಿಲಲ್ಲಿ ನಿಂತು ಊರಿಗೆಲ್ಲಾ ಹೇಳು. ಗೊತ್ತಾದ್ರೆ ನಾನು ಕೂತಿರೋ ಕಡೆ ಇನ್ನೊಂದು ಸಲ ಅವನು ಬಂದು ಕೂರಲ್ಲ. ಅವನ ಬಿಟ್ರೆ ನಂಗೆ ಯಾರಿದ್ದಾರೆ?

ಇಲ್ಲ, ಇಲ್ಲ, ನಿಲ್ಲು. ಒಂದು ನಿಮಿಷ. ಅವನು ಹಾಗೆ ಕೇಳ್ಲಿಲ್ಲ. ಯಾಕೆ ಎಳೀಲಿಲ್ಲ ಅಂತ ಅವನು ಕೇಳ್ಲೇ ಇಲ್ಲ, ಅದು ನಾನು ಹೇಳಿದ್ದು. “ಡಾರ್ಕಸ್ ಮನೆ ಸೇರಿದ್ಲಾ?” ಅಂತ ಕೇಳ್ದ. ನಾನು ಹ್ಞೂಂ ಅಂದ್ಮೇಲೆ ಗೋಡೆ ಕಡೆ ತಿರುಗಿ ಮಲಗಿಬಿಟ್ಟ. ಹೇಗಿದ್ದೀಯ ಒಬೆಡ್ ಅಂತ ಒಂದು ಮಾತಿಲ್ಲ ನಂಗೆ.

ನೀನು ಚೆನ್ನಾಗೇ ಎಳೆದೆ. ಎರಡು ಸಲಾನೂ. ಅವನ ಕೈವರೆಗೆ ಹೋಗ್ಲಿಲ್ಲ, ಅಷ್ಟೇ.